ಮೂವತ್ತೊಂದು ಕುರಿ, ಆರು ಸರ್ಟಿಫಿಕೇಟ್

ಮೂರನೇ ಸಲ ನನ್ನ ತಲೆ ನೀರಿನೊಳಗೆ ಹೋಯಿತು.

ಕುರಿಗಳು ನೀರು ಕುಡಿಯುವ ತೊಟ್ಟಿ ಅದು. ಹುಲ್ಲು, ಜೊಲ್ಲು, ಹಿಮ ಕರಗಿದ ನೀರು... ಎಲ್ಲವೂ ನನ್ನ ಮೂಗಿನೊಳಗೆ! ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದರು. ಕತ್ತಿನ ಮೇಲಿದ್ದ ಕೈ ರಿಸ್ಬೆಕ್‌ನದು. ಹಿಂದೆ ಕುಸ್ತಿಪಟು. ಈಗ ಡಾಕ್ಟರ್ ಓರೊಜೊವ್‌ನ ಡ್ರೈವರ್. ಆ ಕೈಗೆ ಸ್ಟಿಯರಿಂಗ್‌ಗಿಂತ ಕತ್ತೇ ಇಷ್ಟ.

ಮೇಲಕ್ಕೆ ಎಳೆದ.

"ಸೀಲ್ ಒತ್ತುತ್ತೀಯಾ, ತೊಕ್ತೊಸುನ್ ಅಣ್ಣಾ?"

"ಅಣ್ಣ ಅಂತೀಯ, ಮುಳುಗಿಸ್ತೀಯ. ಎರಡರಲ್ಲಿ ಒಂದು ಮಾಡಪ್ಪ."

ನಾಲ್ಕನೇ ಸಲವೂ ಮುಳುಗಿಸಿದ.

ಕೇಳಿ. ಹದಿನಾಲ್ಕು ವರ್ಷ ನಾನು ಬಿಷ್ಕೆಕ್‌ನಲ್ಲಿ ಪೊಲೀಸನಾಗಿದ್ದೆ. ಕೊಲೆ ಕೇಸುಗಳು. ಈಗ ಪ್ರಯೋಗದ ಪ್ರಾಣಿಗಳ ಸಮಿತಿಗೆ ತನಿಖೆ ಮಾಡಿಕೊಡುತ್ತೇನೆ. ಪ್ರಾಣಿಗಳ ಮೇಲೆ ಸಂಶೋಧನೆ ಮಾಡುವವರು ಮೊದಲು ತರಬೇತಿ ಪಡೆಯಬೇಕು. ಹೇಗೆ ಹಿಡಿಯಬೇಕು, ಹೇಗೆ ನೋಯಿಸಬಾರದು, ನೋವು ಮಿತಿ ಮೀರಿದರೆ ಎಲ್ಲಿ ನಿಲ್ಲಿಸಬೇಕು... ಆ ಕ್ಲಾಸು ನಿಜವಾಗಿ ನಡೆಯಿತೇ ಎಂದು ನೋಡುವುದು ನನ್ನ ಕೆಲಸ. "ಕೊನೆಗೂ ಪ್ರಾಣಭಯ ಇಲ್ಲದ ಕೆಲಸ" ಎಂದು ಹೆಂಡತಿ ಖುಷಿಪಟ್ಟಿದ್ದಳು!

ಎದುರಿಗೆ ಹುಲ್ಲಿನ ಕಂತೆಯ ಮೇಲೆ ಜುಮಾದಿಲ್ ಅಜ್ಜ ಕುಳಿತಿದ್ದ. ಲ್ಯಾಬಿನ ಕುರಿಗಳನ್ನು ನಲವತ್ತು ವರ್ಷದಿಂದ ನೋಡಿಕೊಂಡು ಬಂದವನು. ಕ್ಲಾಸು ತೆಗೆದುಕೊಳ್ಳುವವನೂ ಅವನೇ. ತುಟಿ ಒಡೆದಿತ್ತು. ಬಿಳಿ ಗಡ್ಡಕ್ಕೆ ರಕ್ತ ಇಳಿದಿತ್ತು. ತೊಡೆಯ ಮೇಲೆ ಆರು ಸರ್ಟಿಫಿಕೇಟ್... ಓರೊಜೊವ್‌ನದು, ಅವನ ಐವರು ಸಹಾಯಕರದು. ಅಜ್ಜನ ಸಹಿ ಬೇಕು. ನನ್ನ ಸೀಲ್ ಬೇಕು.

"ಒಂದು ದಿನಾನೂ ಕ್ಲಾಸಿಗೆ ಬರ್ಲಿಲ್ಲ," ಅಜ್ಜ ರಕ್ತ ಉಗುಳಿದ. "ಮೂವತ್ತೊಂದು ಕುರಿ ಕೊಂದ್ರು!"

ಸುಳ್ಳಲ್ಲ. ಜಂತುಹುಳುವಿಗೆ ಹೊಸ ಔಷಧದ ಪರೀಕ್ಷೆ ಅದು. ಅರ್ಧ ಕುರಿಗಳಿಗೆ ಔಷಧ. ಅದನ್ನು ಕುಡಿಸಿದ್ದು ಅಜ್ಜ. ಎಲ್ಲವೂ ಬದುಕಿದವು. ಹೋಲಿಸಿ ನೋಡಲು ಇನ್ನರ್ಧಕ್ಕೆ ಬರೀ ನೀರು. ಅವುಗಳ ಬಾಯಿಗೆ ಕೊಳವೆ ತೂರಿಸಿದ್ದು ಓರೊಜೊವ್‌ನ ತಂಡ. ನೀರು ಹೊಟ್ಟೆಗೆ ಹೋಗಲಿಲ್ಲ, ಶ್ವಾಸಕೋಶಕ್ಕೆ ಹೋಯಿತು! ಕೆಮ್ಮಿ ಕೆಮ್ಮಿ ಮೂವತ್ತೊಂದು ಸತ್ತವು. ಓರೊಜೊವ್ ಏನು ಬರೆದ ಗೊತ್ತೆ? ಹುಳದಿಂದ ಸತ್ತವು. ಔಷಧ ಅದ್ಭುತ!

ಹನ್ನೆರಡಕ್ಕೆ ಸಮಿತಿಯ ಸಭೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಆ ಔಷಧ ದೇಶದ ಅಷ್ಟೂ ಮಂದೆಗಳಿಗೆ. ಅಜ್ಜ ಜೀವಂತ ಹೋಗಿ ಬಾಯಿ ಬಿಟ್ಟರೆ ಓರೊಜೊವ್ ಜೈಲಿಗೆ.

ಆಗ ಗಂಟೆ ಹತ್ತೂವರೆ.

ರಿಸ್ಬೆಕ್‌ನ ಫೋನ್ ಬಡಿದುಕೊಂಡಿತು. ಕೇಳಿಸಿಕೊಂಡ. "ಆಯ್ತು ಸಾಹೇಬ್ರೆ" ಎಂದ. ನನ್ನನ್ನು ನೆಲಕ್ಕೆ ಎಸೆದು ಪಿಸ್ತೂಲು ತೆಗೆದ. ನೇರ ಅಜ್ಜನ ಹಣೆಗೆ!

"ಸಾಹೇಬ್ರು ದಾರೀಲಿದಾರೆ. ಸಹಿ ಹಾಕು ಅಜ್ಜ. ಇಲ್ಲಾಂದ್ರೆ ಇಲ್ಲೇ ಮುಗಿಸ್ಬಿಡ್ತೀನಿ."

"ಯಾವೂರೋ ನಿಂದು?"

"ನಾರಿನ್ ಕಡೆ. ಯಾಕೆ?"

"ನಾರಿನ್ನೋರು ಬಾತಾ ಹೇಳ್ದೆ ಒಂದು ಕುರೀನೂ ಕೊಯ್ಯಲ್ಲ. ನಾನು ಕುರಿಗಿಂತ ಕಡೆಯಾ? ಸಾಯ್ಸು... ಪದ್ಧತಿ ಪ್ರಕಾರ ಸಾಯ್ಸು!"

ಅಷ್ಟು ಹೇಳಿ ಅಜ್ಜ ಎರಡೂ ಅಂಗೈ ಬಿಚ್ಚಿ ಎದೆಯ ಮುಂದೆ ಹಿಡಿದ.

"ಓಮಿಯಿನ್! ಹೋಗೋರ ದಾರಿ ನೆಟ್ಟಗಿರ್ಲಿ, ಉಳಿಯೋರ ಮಂದೆ ಬೆಳೀಲಿ..."

ಬಾತಾ ಅಂದರೆ ಹಿರಿಯರ ಹಾರೈಕೆ. ಹಿರಿಯರು ಅದನ್ನು ಶುರು ಮಾಡಿದರೆ ಎದುರಿಗಿದ್ದವರೂ ಅಂಗೈ ಬಿಚ್ಚಬೇಕು. ನಮ್ಮಲ್ಲಿ ಮಕ್ಕಳು ನಡಿಗೆ ಕಲಿಯುವ ಮೊದಲೇ ಇದನ್ನು ಕಲಿಯುತ್ತವೆ. ಮರೆತರೆ ತಲೆಗೆ ಮೊಟಕು.

ರಿಸ್ಬೆಕ್‌ನ ಕೈಗಳು ತಾವಾಗಿಯೇ ಮೇಲೆದ್ದವು. ಎರಡೂ ಅಂಗೈ ಆಕಾಶಕ್ಕೆ! ಪಿಸ್ತೂಲು ಬೆರಳಿಗೆ ಜೋತು ಬಿದ್ದಿತು.

ನನ್ನ ಕೈ ಕಟ್ಟಿತ್ತು. ಪುಣ್ಯ! ಇಲ್ಲದಿದ್ದರೆ ನಾನೂ ಅಂಗೈ ಬಿಚ್ಚಿಕೊಂಡು ಬಿದ್ದಿರುತ್ತಿದ್ದೆ.

ಬಿದ್ದಲ್ಲಿಂದಲೇ ಒದ್ದೆ. ಅವನ ಮೊಣಕಾಲಿಗೆ.

ಲಟಕ್!

ಗುಂಡು ಹಾರಿತು. ತೊಟ್ಟಿ ತೂತಾಯಿತು. ಪಿಸ್ತೂಲು ಎಲ್ಲೋ ಹೋಯಿತು. ಕುರಿಗಳು ಬೆದರಿ ಗೋಡೆಗೆ ಒತ್ತಿಕೊಂಡವು. ಅವನು ನನ್ನ ಮೇಲೆಯೇ ಬಿದ್ದು ಗಂಟಲು ಹಿಡಿದ. ಹಣೆಯಿಂದ ಮೂಗಿಗೆ ಗುದ್ದಿದೆ. ಮತ್ತೆ ಗುದ್ದಿದೆ. ಬಿಸಿ ರಕ್ತ ನನ್ನ ಮುಖದ ತುಂಬಾ... ಆದರೂ ಹಿಡಿತ ಬಿಡಲಿಲ್ಲ, ಬೋಳೀಮಗ! ಕಣ್ಣು ಕತ್ತಲಿಟ್ಟಿತು.

ಅಷ್ಟರಲ್ಲಿ ಅಜ್ಜ ಹಿಂದಿನಿಂದ ಬಂದ. ಒಂದು ಕೈ ಅವನ ಗದ್ದಕ್ಕೆ. ಇನ್ನೊಂದು ಸೊಂಟಕ್ಕೆ. ಕತ್ತು ಪಕ್ಕಕ್ಕೆ ತಿರುಗಿಸಿದ, ಹಿಂದಕ್ಕೆ ಎಳೆದ, ಕುಂಡೆಯ ಮೇಲೆ ಕೂರಿಸಿದ. ನೂರಿಪ್ಪತ್ತು ಕಿಲೋ ರಿಸ್ಬೆಕ್ ಉಣ್ಣೆ ಕತ್ತರಿಸಿಕೊಳ್ಳಲು ಕೂತ ಟಗರಿನಂತೆ ಪಿಳಿಪಿಳಿ ನೋಡಿದ.

"ಮೊದಲ್ನೇ ದಿನದ ಪಾಠ ಇದು," ಅಜ್ಜ ಏದುಸಿರು ಬಿಟ್ಟ. "ಬಂದಿದ್ರೆ ಕಲೀತಿದ್ರು."

ನನ್ನ ಹಗ್ಗ ಬಿಚ್ಚಿದ. ಅದೇ ಹಗ್ಗದಲ್ಲಿ ರಿಸ್ಬೆಕ್‌ನನ್ನು ಕಟ್ಟಿದೆವು. ಕುರಿ ಸಾಗಿಸುವ ಲಾರಿಯ ಹಿಂದೆ ಎತ್ತಿ ಹಾಕಿದೆವು. ಅಲ್ಲಿ ಆಗಲೇ ನಾಲ್ಕು ಕುರಿಗಳಿದ್ದವು. ನೀರು ಶ್ವಾಸಕೋಶಕ್ಕೆ ಹೋಗಿಯೂ ಸಾಯದೆ ಉಳಿದವು. ಇನ್ನೂ ಕೆಮ್ಮುತ್ತಿದ್ದವು. ಅಜ್ಜನ ಸಾಕ್ಷಿಗಳು!

"ನಾನು ಇವುಗಳ ಜೊತೆ ಕೂರ್ತೀನಿ. ಹೆದರ್ಕೊಂಡಿದಾವೆ," ಎಂದ ಅಜ್ಜ.

ಗೇಟು ದಾಟುವಷ್ಟರಲ್ಲಿ ಎದುರಿಗೆ ಕರಿ ಜೀಪು. ಓರೊಜೊವ್! ನಮ್ಮನ್ನು ನೋಡಿದ. ತಿರುಗಿಸಿದ. ಕಿಟಕಿಯಿಂದ ಪಿಸ್ತೂಲು ಚಾಚಿ ಬೆನ್ನು ಹತ್ತಿದ.

ಕಾಲುವೆ ಪಕ್ಕದ ಕಿರಿದಾದ ರಸ್ತೆ. ಲಾರಿ ಎಂಬತ್ತಕ್ಕೆ ಏರಿ ನಡುಗತೊಡಗಿತು. ಢಂ! ಕನ್ನಡಿ ಚೂರಾಯಿತು. ಢಂ! ಎಡಗಿವಿ ಬಿಸಿಯಾಯಿತು. ಮುಟ್ಟಿ ನೋಡಿದೆ... ಅರ್ಧ ಇರಲಿಲ್ಲ.

"ಅಜ್ಜಾ! ಹಿಂದಿನ ಬಾಗಿಲು ಬಿಚ್ಚು! ಕುರಿ ಕೆಳಗೆ ತಳ್ಳು! ಅಡ್ಡ ಬಂದ್ರೆ ನಿಲ್ಲಿಸ್ತಾನೆ!"

"ನಿಲ್ಲಿಸ್ದೇ ಇದ್ರೆ? ನಿನ್ ತಲೆ! ಬಾಯ್ಮುಚ್ಕೊಂಡು ಓಡ್ಸು!"

"ಹಂಗಾದ್ರೆ ರಿಸ್ಬೆಕ್‌ನ ತಳ್ಳು!"

"ಅವನಿಗೂ ಜೀವ ಇದೆ ಕಣೋ!"

"ಅಯ್ಯಯ್ಯೋ, ಹೌದು ಅಜ್ಜ, ಇದೆ!" ರಿಸ್ಬೆಕ್ ಕೂಗಿಕೊಂಡ.

ಬಾಗಿಲು ಬಿಚ್ಚಿಕೊಂಡ ಸದ್ದು ಕೇಳಿತು. ಅಜ್ಜ ಎಸೆದ ಹುಲ್ಲಿನ ಕಂತೆ ಹಾರಿತು. ಓರೊಜೊವ್ ತಪ್ಪಿಸಿಕೊಂಡ. ಇನ್ನೊಂದು. ಅದನ್ನೂ ತಪ್ಪಿಸಿಕೊಂಡ. ಮೂರನೆಯದು ಸೀದಾ ಜೀಪಿನ ಗಾಜಿಗೆ! ಜೀಪು ಅತ್ತ ವಾಲಿತು, ಇತ್ತ ವಾಲಿತು... ಕಾಲುವೆಯೊಳಗೆ ಮುಗ್ಗರಿಸಿತು.

ಸಮಿತಿಯ ಬಾಗಿಲಿಗೆ ನಾವು ತಲುಪಿದಾಗ ಹನ್ನೆರಡಕ್ಕೆ ಐದು ನಿಮಿಷ.

ಅಧ್ಯಕ್ಷೆ ಐಜಿರೆಕ್ ಅಕ್ಕ. ಅಜ್ಜ ಎಲ್ಲವನ್ನೂ ಹೇಳಿದ. ಅಕ್ಕ ಪೆನ್ನು ಕೆಳಗಿಟ್ಟು ಕೇಳಿದಳು. ಮುಗಿಯುತ್ತಿದ್ದಂತೆ ಬಾಗಿಲು ತೆರೆಯಿತು. ಓರೊಜೊವ್! ಸೂಟಿನಿಂದ ನೀರು ತೊಟ್ಟಿಕ್ಕುತ್ತಿದೆ, ಮುಖದಲ್ಲಿ ನಗು!

"ಕುರಿ ಕಾಯೋನ ಮಾತು ಕೇಳ್ತೀರಾ ಅಕ್ಕ? ಇಪ್ಪತ್ತು ವರ್ಷದ ಅನುಭವ ನಂದು. ಕ್ಲಾಸೂ ಆಗಿದೆ. ಬೇಕಾದ್ರೆ ನನ್ನ ಡ್ರೈವರ್‌ನ ಕೇಳಿ."

ರಿಸ್ಬೆಕ್ ಕುರ್ಚಿಯ ಮೇಲೆ ಮುರಿದ ಕಾಲು ಚಾಚಿ ಕೂತಿದ್ದ. ನೆಲ ನೋಡಿದ. "ನಂಗೇನೂ ಗೊತ್ತಿಲ್ಲ. ಕಾಲು ಜಾರಿ ಬಿದ್ದೆ."

ಕೆಲಸ ಕೆಟ್ಟಿತು ಅಂದುಕೊಂಡೆ. ಕುರಿ ಸತ್ತದ್ದನ್ನು ನಾನು ಕಣ್ಣಾರೆ ನೋಡಿಲ್ಲ; ಅಜ್ಜನ ಮಾತಿಗೆ ಓರೊಜೊವ್‌ನ ಮಾತು. ಅವನಿಗೆ ಮೂರು ಡಿಗ್ರಿ. ಅಜ್ಜನಿಗೆ ಒಂದು ಟೋಪಿ.

ಐಜಿರೆಕ್ ಅಕ್ಕ ಕನ್ನಡಕ ಏರಿಸಿದಳು. "ಸರಿ ಡಾಕ್ಟ್ರೇ. ಮಾಡಿ ತೋರಿಸ್ಬಿಡಿ. ಕೆಳಗೆ ಕುರಿ ಇದಾವೆ. ಕೊಳವೆ ಹಾಕಿ."

"ಇವನ ಕೈಗೆ ನನ್ ಕುರಿ ಕೊಡಲ್ಲ," ಅಜ್ಜ ಬಾಗಿಲಿಗೆ ಅಡ್ಡ ನಿಂತ. "ಕೊಲ್ಲೋದಾದ್ರೆ ನನ್ನ ಮೊದ್ಲು ಕೊಲ್ಲಿ."

"ಮತ್ತೆ ಯಾರ ಮೇಲೆ ಮಾಡ್ಲಿ ಅವ್ರು?"

ನಾನು ರಿಸ್ಬೆಕ್‌ನ ಭುಜದ ಮೇಲೆ ಕೈ ಇಟ್ಟೆ.

"ಇವನಿದಾನಲ್ಲ. ಬಾಯಿ ತೆಗಿ ತಮ್ಮಾ. ಸಾಹೇಬ್ರಿಗೆ ಇಪ್ಪತ್ತು ವರ್ಷದ ಅನುಭವ."

ಓರೊಜೊವ್ ಅಲ್ಲಿ ಸುಮ್ಮನಿರಬಹುದಿತ್ತು. ಆದರೆ ಅಂಥವರಿಗೆ ಜಂಭ ದೊಡ್ಡದು.

"ಕೊಡಿ ಇಲ್ಲಿ ಕೊಳವೆ," ಎಂದು ಒದ್ದೆ ತೋಳು ಮಡಚಿದ!

ರಿಸ್ಬೆಕ್ ಕುರ್ಚಿಯಿಂದ ಕೆಳಗುರುಳಿದ. ಮುರಿದ ಕಾಲನ್ನು ಎಳೆದುಕೊಂಡು ಅಜ್ಜನ ಬೂಟು ತಬ್ಬಿಕೊಂಡ.

"ಬೇಡ! ಸಾಹೇಬ್ರ ಕೈಗೆ ಬೇಡ! ಮೂವತ್ತೊಂದು ಕುರೀನೂ ಹೂತಿದ್ದು ನಾನೇ... ಹೆಂಗ್ ಸತ್ವು ಅಂತ ನೋಡಿದೀನಿ ಅಕ್ಕ! ಯಾರೂ ಕ್ಲಾಸಿಗೆ ಹೋಗಿಲ್ಲ! ಅಜ್ಜನ್ನ ಮುಗಿಸು ಅಂದಿದ್ದೂ ಇವ್ರೇ! ಎಲ್ಲಾ ಹೇಳ್ತೀನಿ!"

ಹದಿನಾಲ್ಕು ವರ್ಷ ನಾನು ಎಷ್ಟೋ ಕಳ್ಳರ, ಕೊಲೆಗಾರರ ಬಾಯಿ ಬಿಡಿಸಿದ್ದೇನೆ. ಡಾಕ್ಟರ್ ಓರೊಜೊವ್‌ನಷ್ಟು ಬೇಗ ಬಾಯಿ ಬಿಡಿಸಿದವನನ್ನು ಮಾತ್ರ ನೋಡಿಲ್ಲ... ಅದೂ ಕೊಳವೆ ಮುಟ್ಟುವ ಮೊದಲೇ!