ಕಣ್ಣು ತಗ್ಗಿಸಿದ ತಪ್ಪಿಗೆ

"ಮೂರು ದಿನದಿಂದ ಇಲ್ಲೇ ಕೂತಿದ್ದೇನೆ ಸರ್! ಮೊದಲನೇ ಬೆಂಚಲ್ಲಿ! ನಿಮ್ಮ ಕಣ್ಣೆದುರಿಗೇ! ಆದ್ರೂ ಆಬ್ಸೆಂಟ್ ಅಂದ್ರೆ ಎಂತ ಅರ್ಥ?"

ವೀಕ್ಷಾ ಇಷ್ಟನ್ನೂ ಒಂದೇ ಉಸಿರಿಗೆ, ಅದೂ ಅಪ್ಪಟ ಉಡುಪಿ ಕನ್ನಡದಲ್ಲಿ ಕೂಗಿ ಹೇಳಿದಳು. ಹೇಳಿ ಮುಗಿಸಿದ ಮೇಲೆ ನೆನಪಾಯಿತು... ಎದುರಿಗೆ ನಿಂತಿದ್ದ ಸನ್ನೆ ಭಾಷೆಯ ಮೇಷ್ಟ್ರು ಶ್ರೀಶನಿಗೆ ಕಿವಿ ಕೇಳುವುದಿಲ್ಲ!

ಅಯ್ಯೋ ದೇವರೇ...

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಶ್ರೀಶ ಮಾತ್ರ ನಗಲಿಲ್ಲ. ಅವಳು ಬೆರಳಿಟ್ಟು ತೋರಿಸುತ್ತಿದ್ದ ಹಾಜರಿ ಪುಸ್ತಕ ನೋಡಿ, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದ. 'ಮೂರು ದಿನವೂ ನಿನ್ನ ಹೆಸರು ಕರೆದೆ. ನೀನು ಓಗೊಡಲಿಲ್ಲ.'

ಆಮೇಲೆ ಅವಳ ಕಡೆ ತಿರುಗಿ, ಎರಡೂ ಕೈಯ ಬೆರಳು ಕೂಡಿಸಿ ಒಂದೊಂದೇ ಇಂಗ್ಲಿಷ್ ಅಕ್ಷರ ತೋರಿಸಿದ. ಒಟ್ಟು ಏಳು ಅಕ್ಷರ. ಆರನೆಯದು ಬರುವಷ್ಟರಲ್ಲಿ ವೀಕ್ಷಾಳ ಮುಖ ಕೆಂಪಗಾಯಿತು. ಅದು ತನ್ನದೇ ಹೆಸರು! ಈ ಮನುಷ್ಯ ಹಾಜರಿ ಕರೆಯುವುದೇ ಹೀಗೆ. ನಿಮ್ಮ ಹೆಸರು ನಿಮಗೆ ಗುರುತು ಸಿಗದಿದ್ದರೆ ಆಬ್ಸೆಂಟು, ಅಷ್ಟೇ.

'ಎಂಥಾ ಗರ್ವ ಮಾರಾಯ ಇವನಿಗೆ!' ಅಂದುಕೊಂಡಳು. ಅವನ ಕೈಬೆರಳುಗಳು ಎಷ್ಟು ಚಂದ ಅಂತಲೂ ಅಂದುಕೊಂಡಳು. ಅದನ್ನು ಯಾರಿಗೂ ಹೇಳಲಿಲ್ಲ ಬಿಡಿ.

ಕಿವುಡು ಮಕ್ಕಳ ಟೀಚರ್ ಆಗಬೇಕೆಂದು ಚೆನ್ನೈಗೆ ಬಂದವಳು ವೀಕ್ಷಾ. ವಿಶ್ವವಿದ್ಯಾಲಯದಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಓದು. ಉಳಿದುಕೊಂಡದ್ದು ಅಂಬತ್ತೂರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ಹೋಟೆಲ್ ಮ್ಯಾನೇಜರು, ಬೆಳಿಗ್ಗೆ ಐದಕ್ಕೇ ಮನೆ ಬಿಡುತ್ತಿದ್ದರು. ಅವರ ಮಕ್ಕಳಿಬ್ಬರಿಗೂ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ, ಅದೂ ಮೊಬೈಲಿನಿಂದ ತಲೆ ಎತ್ತದೆ!

ಕ್ಲಾಸಿನಲ್ಲೂ ಹಾಗೇ. ಎಲ್ಲರೂ ತಮಿಳಿನಲ್ಲಿ ಜೋಕು ಹೊಡೆದು ನಗುವರು. ಎಲ್ಲರೂ ನಕ್ಕಾದ ಮೇಲೆ ವೀಕ್ಷಾ ಒಂದು ಕ್ಷಣ ತಡವಾಗಿ ನಗುವಳು. ಯಾಕೆ ನಕ್ಕೆ ಅಂತ ಯಾರಾದರೂ ಕೇಳಿದ್ದರೆ ಅವಳ ಹತ್ತಿರ ಉತ್ತರವಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಸನ್ನೆ ಭಾಷೆಯ ಆ ಒಂದು ಗಂಟೆಯಲ್ಲಿ ಮಾತ್ರ ಅವಳು ಯಾರಿಗೂ ಕಡಿಮೆಯಿರಲಿಲ್ಲ. ಅಲ್ಲಿ ತಮಿಳೂ ಇಲ್ಲ, ಕನ್ನಡವೂ ಇಲ್ಲ. ಎಲ್ಲರೂ ಅಂಬೆಗಾಲಿಡುವವರೇ. ಆರು ವಾರದಲ್ಲಿ ಅವಳು ಉಳಿದವರನ್ನೆಲ್ಲ ಹಿಂದೆ ಹಾಕಿದಳು.

ಅದಕ್ಕೆ ಒಂದು ಗುಟ್ಟಿತ್ತು. ವಿಲ್ಲಿವಾಕ್ಕಂ ಸ್ಟೇಷನ್!

ಸಂಜೆ ಅವಳ ಲೋಕಲ್ ರೈಲು ಅಂಬತ್ತೂರಿನ ಕಡೆಗೆ, ಶ್ರೀಶನದು ಪೆರಂಬೂರಿನ ಕಡೆಗೆ. ಅವಳು ಈ ಪ್ಲಾಟ್‌ಫಾರಂ, ಅವನು ಎದುರಿನ ಪ್ಲಾಟ್‌ಫಾರಂ. ನಡುವೆ ಹಳಿ, ಜನ, ಅನೌನ್ಸ್‌ಮೆಂಟು, ಕಡಲೆ ಮಾರುವವರ ಕೂಗು. ಪಕ್ಕದಲ್ಲಿ ನಿಂತವರ ಮಾತೇ ಕೇಳಿಸದ ಆ ಗಲಾಟೆಯಲ್ಲಿ ಇವರಿಬ್ಬರು ಮಾತ್ರ ಕೈಯಲ್ಲೇ ಆರಾಮಾಗಿ ಹರಟುತ್ತಿದ್ದರು.

"ಊಟಕ್ಕೆ ಏನು ತಂದಿದ್ದೆ?"

"ಮೊಸರನ್ನ. ನಿನ್ನೆಯೂ ಅದೇ. ನಾಳೆಯೂ ಅದೇ ಇರಬೇಕು!"

"ಊರು ನೆನಪಾಗುತ್ತಾ?"

ಈ ಪ್ರಶ್ನೆ ಚೆನ್ನೈಗೆ ಬಂದ ಮೇಲೆ ಬೇರೆ ಯಾರೂ ಅವಳನ್ನು ಕೇಳಿರಲಿಲ್ಲ. ಅವತ್ತು ಅವಳು ರೈಲು ಹತ್ತಿದ ಮೇಲೆ ಕಿಟಕಿ ಕಡೆ ತಿರುಗಿ ಅತ್ತಳು. ದುಃಖಕ್ಕೋ ಸಂತೋಷಕ್ಕೋ, ಅವಳಿಗೇ ಗೊತ್ತಾಗಲಿಲ್ಲ.

ಎಂಟು ತಿಂಗಳು ಹೀಗೇ ಕಳೆಯಿತು. ಕೋರ್ಸಿನ ಸನ್ನೆ ಭಾಷೆಯ ಭಾಗ ಮುಗಿದ ದಿನ ಎದುರು ಪ್ಲಾಟ್‌ಫಾರಂನಲ್ಲಿ ಶ್ರೀಶ ಇಸ್ತ್ರಿ ಮಾಡಿದ ಹೊಸ ಶರ್ಟು ಹಾಕಿ ನಿಂತಿದ್ದ.

"ಇವತ್ತಿನಿಂದ ನಾನು ನಿನ್ನ ಮೇಷ್ಟ್ರಲ್ಲ."

"ಹೌದು. ಇನ್ನು ಆಬ್ಸೆಂಟ್ ಹಾಕೋಕಾಗಲ್ಲ!"

ಅವನು ನಗಲಿಲ್ಲ. "ಇವತ್ತಿಗೋಸ್ಕರವೇ ಕಾದಿದ್ದೆ. ಒಂದು ಮಾತು ಕೇಳಲಾ?"

ವೀಕ್ಷಾ ಕೇಳಿ ಎಂದು ತಲೆಯಾಡಿಸಿದಳು.

ಅವನು ತನ್ನನ್ನು ತೋರಿಸಿಕೊಂಡ. ಅವಳನ್ನು ತೋರಿಸಿದ. ಎರಡು ಅಂಗೈಯನ್ನೂ ಒಂದರೊಳಗೊಂದು ಗಟ್ಟಿಯಾಗಿ ಹಿಡಿದ. ಹುಬ್ಬು ಮೇಲೇರಿ ಹಾಗೇ ನಿಂತಿತು.

ಮದುವೆ! ಮದುವೆ ಆಗೋಣವಾ ಅಂತ ಕೇಳುತ್ತಿದ್ದಾನೆ!

ಅಷ್ಟು ಜನರ ಮಧ್ಯೆ, ಎಲ್ಲರ ಕಣ್ಣೆದುರೇ... ಯಾರಿಗೂ ತಿಳಿಯದು ಅಂತ ಗೊತ್ತಿದ್ದರೂ ಅವಳು ನಾಚಿ ನೀರಾದಳು. ನಮ್ಮ ಕಡೆ ಹೆಣ್ಣುಮಕ್ಕಳು ಇಂಥಾ ಹೊತ್ತಲ್ಲಿ ಏನು ಮಾಡುತ್ತಾರೆ ಅಂತ ನಿಮಗೆ ಹೇಳಬೇಕಾ? ಅವಳ ಅಮ್ಮ ಮಾಡಿದ್ದು ಅದೇ, ಅಕ್ಕ ಮಾಡಿದ್ದೂ ಅದೇ. ವೀಕ್ಷಾ ಕಣ್ಣು ತಗ್ಗಿಸಿದಳು. ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ನಗು ಮುಚ್ಚಿಕೊಳ್ಳಲು ಮುಖವನ್ನೂ ಪಕ್ಕಕ್ಕೆ ತಿರುಗಿಸಿದಳು.

ಧಡಧಡ ಎಂದು ಅವಳ ಲೋಕಲ್ ಬಂದು ನಡುವೆ ನಿಂತಿತು. ಅವಳು ಹತ್ತಲಿಲ್ಲ. ಹೋಗಲಿ ಇದು, ಮುಖ ನೋಡಿ 'ಹೂಂ' ಅನ್ನಬೇಕು... ರೈಲು ಹೋಯಿತು.

ಎದುರಿನ ಪ್ಲಾಟ್‌ಫಾರಂನಲ್ಲಿ ಶ್ರೀಶ ಇರಲಿಲ್ಲ.

ಮನೆ ತಲುಪುವಷ್ಟರಲ್ಲಿ ಮೊಬೈಲಿಗೆ ಮೆಸೇಜು ಬಂದಿತ್ತು. 'ನನ್ನದು ತಪ್ಪಾಯಿತು. ದಯವಿಟ್ಟು ಮರೆತುಬಿಡು.'

ಅವಳು ಅದನ್ನು ಹತ್ತು ಸಲ ಓದಿದಳು. ತಪ್ಪಾಯಿತಂತೆ! ಏನೋ ಉಮೇದಿನಲ್ಲಿ ಕೇಳಿ, ಐದೇ ನಿಮಿಷಕ್ಕೆ ಬೇಡ ಅನ್ನಿಸಿತಾ? ಹಳಿ ದಾಟಿ ಬಂದು ಅದನ್ನು ಹೇಳುವ ಧೈರ್ಯವೂ ಇಲ್ಲವಾ? ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಸಿಟ್ಟು. 'ಸರಿ ಸರ್' ಎಂದು ಎರಡೇ ಪದ ಕಳಿಸಿಬಿಟ್ಟಳು.

ಎಂಥಾ ಹುಚ್ಚು ಹುಡುಗಿ ನೋಡಿ! 'ಯಾಕೆ' ಅಂತ ಒಂದು ಪದ ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಮುಂದಿನ ಎರಡು ತಿಂಗಳು... ಏನು ಹೇಳುವುದು! ವಿಲ್ಲಿವಾಕ್ಕಂನಲ್ಲಿ ಅವಳು ಎದುರಿನ ಪ್ಲಾಟ್‌ಫಾರಂ ಕಡೆ ನೋಡದೆ ನಿಲ್ಲುವುದನ್ನು ಕಲಿತಳು. ರಜೆಯ ದಿನ ಯಾರೊಂದಿಗೂ ಒಂದು ಮಾತೂ ಆಡದೆ ಸಂಜೆಯಾಗುತ್ತಿತ್ತು. ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಸನ್ನೆ ಮಾಡುತ್ತಿದ್ದಳು. "ಊಟಕ್ಕೆ ಏನು ತಂದಿದ್ದೆ?" ಕನ್ನಡಿಯೊಳಗಿನವಳೂ ಅದನ್ನೇ ಕೇಳುತ್ತಿದ್ದಳು. ಉತ್ತರ ಹೇಳುವವರು ಯಾರೂ ಇರಲಿಲ್ಲ.

ಬೋಧನಾ ಅಭ್ಯಾಸಕ್ಕೆ ಅವಳನ್ನು ಕೀಲ್ಪಾಕ್‌ನ ಒಂದು ಕಿವುಡು ಮಕ್ಕಳ ಶಾಲೆಗೆ ಹಾಕಿದರು. ಅಲ್ಲಿನ ಹಿರಿಯ ಟೀಚರ್ ನೀರಜಾ, ಮೈಸೂರಿನವರು. ಒಂದು ಶುಕ್ರವಾರ ಎರಡನೇ ಕ್ಲಾಸಿನ ನಿಖಿತಾ ಪಕ್ಕದವಳ ಬಣ್ಣದ ಪೆನ್ಸಿಲ್ ಮುರಿದಳು. ವೀಕ್ಷಾ ಅವಳ ಮುಂದೆ ಕೂತು ಬುದ್ಧಿ ಹೇಳಲು ಕೈ ಎತ್ತಿದ್ದೇ ತಡ, ಆ ಪುಟ್ಟಿ ತಲೆ ತಗ್ಗಿಸಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು!

"ಪಾಪ, ನಾಚಿಕೆಯಾಗಿದೆ ಟೀಚರ್ ಅವಳಿಗೆ" ಅಂದಳು ವೀಕ್ಷಾ.

ನೀರಜಾ ಜೋರಾಗಿ ನಕ್ಕರು. "ನಾಚಿಕೆನಾ? ಚೆನ್ನಾಗಿ ಹೇಳಿದೆ! 'ನಿನ್ನ ಮಾತು ನನಗೆ ಬೇಡ, ಹೋಗು' ಅಂತಿದ್ದಾಳಮ್ಮ ಅವಳು. ಇವರಿಗೆ ಕಣ್ಣೇ ಕಿವಿ ಅಲ್ವಾ? ಎದುರಿನವರು ಮಾತಾಡ್ತಿದ್ದಾಗ ಕಣ್ಣು ತೆಗೆದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ."

ವೀಕ್ಷಾ ಎತ್ತಿದ್ದ ಕೈಯನ್ನು ಕೆಳಗಿಳಿಸಿದಳು.

"ದೊಡ್ಡವರೂ... ದೊಡ್ಡವರೂ ಹಾಗೇ ತಿಳ್ಕೊಳ್ತಾರಾ ಟೀಚರ್?"

"ದೊಡ್ಡವರಿಗೆ ಇನ್ನೂ ಚುಚ್ಚುತ್ತೆ ಕಣಮ್ಮ. ಹುಟ್ಟಿದಾಗಿನಿಂದ ಎಷ್ಟು ಜನ ಮುಖ ತಿರುಗಿಸಿರ್ತಾರೆ ಅವರಿಗೆ... ಯಾಕೆ, ಏನಾಯ್ತು?"

ಹೌದು, ಮುಖವನ್ನೂ ತಿರುಗಿಸಿದ್ದಳು! ಅವನು ಅಂಗೈಗೆ ಅಂಗೈ ಕೂಡಿಸಿ ಕಾಯುತ್ತ ನಿಂತಿದ್ದಾಗ! ಕ್ಲಾಸಿನಲ್ಲಿ 'ನನ್ನನ್ನೇ ನೋಡಿ' ಎಂದು ಅವನು ದಿನಾ ಹೇಳುತ್ತಿದ್ದದ್ದನ್ನು ಅವಳು ಪಾಠದ ನಿಯಮ ಅಂದುಕೊಂಡಿದ್ದಳೇ ಹೊರತು ಇಷ್ಟು ಆಳದ್ದು ಅಂತ ತಿಳಿದಿರಲಿಲ್ಲ. ಅವಳು ಮಕ್ಕಳೆದುರೇ ಬಿಕ್ಕಿ ಬಿಕ್ಕಿ ಅತ್ತು ಎಲ್ಲವನ್ನೂ ಹೇಳಿಬಿಟ್ಟಳು. ನಿಖಿತಾ ಕಣ್ಣು ತೆರೆದು, ಈ ದೊಡ್ಡವಳಿಗೇನಾಯಿತು ಎಂದು ಬೆರಗಾಗಿ ನೋಡಿದಳು.

"ನಮ್ಮ ಶಾಲೇಲೇ ಓದಿದ ಶ್ರೀಶನಾ?" ನೀರಜಾ ಹಣೆ ಹಣೆ ಬಡಿದುಕೊಂಡರು. "ಅವನು ಭಾನುವಾರ ಸಂಜೆ ಭೋಪಾಲ್‌ಗೆ ಹೊರಟಿದ್ದಾನೆ. ಅಲ್ಲಿನ ಶಾಲೇಲಿ ಕೆಲಸ. ಅವತ್ತು ಮಧ್ಯಾಹ್ನ ಮನೇಲಿ ಊಟಕ್ಕೆ ಕರೆದಿದ್ದಾರೆ, ನನಗೆ ಆಗಲ್ಲ. ಮೆಸೇಜಲ್ಲಿ ಹೇಳೋ ಮಾತಲ್ಲ ಇದು, ನನ್ನ ಬದಲು ನೀನು ಹೋಗು. ವಿಳಾಸ ಬರ್ಕೋ."

ಭಾನುವಾರ. ಪೆರಂಬೂರಿನ ಆ ಮನೆಯ ಹಾಲಿನಲ್ಲಿ ಸಾಲಾಗಿ ಬಾಳೆ ಎಲೆ ಹಾಕಿತ್ತು. ಶ್ರೀಶನ ಅಪ್ಪ ಮಧ್ವರಾಜರು ರೈಲ್ವೆಯಿಂದ ರಿಟೈರ್ ಆದವರು, ಅಮ್ಮ ತುಂಗಾ. ಅಮ್ಮನ ಅಣ್ಣ ಸುಬ್ರಾಯರೂ ಬಂದಿದ್ದರು.

"ವಾಮ್ಮಾ, ನೀರಜಾ ಟೀಚರ್ ಕಳಿಸಿದ್ರಾ? ಕೂತ್ಕೋ, ಕೂತ್ಕೋ, ಮೊದಲು ಸಾಪಾಟು!" ತಮಿಳು ಬೆರೆತ ಕನ್ನಡದಲ್ಲಿ ಊಟಕ್ಕೆ ಕರೆಯುತ್ತ ತುಂಗಮ್ಮ ಅವಳ ತೋಳು ಹಿಡಿದು ಕೂರಿಸಿಯೇಬಿಟ್ಟರು, ಶ್ರೀಶನ ಎದುರು ಸಾಲಿನಲ್ಲಿ.

ಶ್ರೀಶ ಅವಳನ್ನು ನೋಡಿ ಬಿಳಿಚಿಕೊಂಡ. ಮರ್ಯಾದೆಗೆ ಒಂದು ನಮಸ್ಕಾರ ಮಾಡಿ ಎಲೆಯ ಕಡೆ ಬಾಗಿದ. ಇಳಿದುಹೋಗಿದ್ದ ಅವನು.

ಮಧ್ವರಾಜರು ಕತೆ ಶುರುಮಾಡಿದರು. "ಅರಕ್ಕೋಣಂನಲ್ಲಿ ಇನ್‌ಸ್ಪೆಕ್ಷನ್ನು. ದೊಡ್ಡ ಆಫೀಸರು ಕ್ಯಾರಿಯರ್ ಬಿಚ್ಚಿದ್ದಾರೆ, ಒಂದು ಕೋತಿ ಬಂತು ನೋಡಿ..." ಸುಬ್ರಾಯರು ನಗು ತಡೆಯಲಾರದೆ ಕೆಮ್ಮಿದರು. ತುಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶ್ರೀಶ ತಲೆ ಎತ್ತಿ ಅಮ್ಮನ ಕಡೆ ನೋಡಿದ. ಏನಂತೆ ಎಂಬಂತೆ ಎಡಗೈ ತಿರುಗಿಸಿದ.

"ಆಮೇಲೆ ಹೇಳ್ತೀನಿ ಕಂದಾ" ಎಂದು ತುಂಗಮ್ಮ ಅವನ ಬೆನ್ನು ಸವರಿದರು. ಪ್ರೀತಿಯಿಂದಲೇ ಸವರಿದರು, ಸುಳ್ಳಲ್ಲ. ಅವನೂ ಮುಗುಳ್ನಕ್ಕು, ಎಲ್ಲರೂ ನಕ್ಕಾದ ಮೇಲೆ ಒಂದು ಕ್ಷಣ ತಡವಾಗಿ ಮುಗುಳ್ನಕ್ಕು, ಅನ್ನ ಕಲಸಿದ.

ವೀಕ್ಷಾಳಿಗೆ ಆ ನಗುವಿನ ಗುರುತು ಸಿಕ್ಕಿತು. ಎಷ್ಟು ವರ್ಷದ 'ಆಮೇಲೆ' ಇದು! ತನ್ನದು ಹತ್ತು ತಿಂಗಳ ಒಂಟಿತನ... ಇವನದು ಸ್ವಂತ ಮನೆಯ ಪಂಕ್ತಿಯಲ್ಲಿ, ಇಪ್ಪತ್ತೇಳು ವರ್ಷದ್ದು!

ಅವಳು ದಡಕ್ಕನೆ ಎದ್ದಳು. ಊಟದ ಮಧ್ಯೆ! ಹುಳಿಯನ್ನ ಅರ್ಧಕ್ಕೇ ಬಿಟ್ಟು! "ಏನಾಯ್ತಮ್ಮಾ, ಖಾರವಾ?" ಎಂದು ತುಂಗಮ್ಮ ಗಾಬರಿಯಾದರು. ಎಂಜಲು ಕೈಯಲ್ಲಿ ಸನ್ನೆ ಮಾಡಲಾಗುವುದಿಲ್ಲವಲ್ಲ! ಕೈ ತೊಳೆದು ಬಂದು ಶ್ರೀಶನ ಎದುರು ನಿಂತಳು.

"ಅಪ್ಪ ಹೇಳ್ತಿದ್ದಾರೆ. ದೊಡ್ಡ ಆಫೀಸರ್. ಊಟದ ಡಬ್ಬಿ. ಬಂತು ಕೋತಿ!" ಕೈಯಲ್ಲೇ ಹೇಳುತ್ತ ಎರಡೂ ಪಕ್ಕೆ ಕೆರೆದುಕೊಂಡು ಹಲ್ಲು ಕಿರಿದಳು. ಮಧ್ವರಾಜರ ಕಡೆ ತಿರುಗಿ ಬಾಯಿಬಿಟ್ಟು ಹೇಳಿದಳು. "ಮುಂದೆ ಹೇಳಿ ಮಾವ, ನಿಲ್ಲಿಸ್ಬೇಡಿ!"

ಮಧ್ವರಾಜರು ತಬ್ಬಿಬ್ಬಾಗಿ ಮುಂದುವರಿಸಿದರು. "ಕೋತಿ... ಡಬ್ಬಿ ಎತ್ಕೊಂಡು ಸಿಗ್ನಲ್ ಕಂಬ ಹತ್ತಿತು. ಕೂತು, ಆಫೀಸರ್ ತಲೆ ಮೇಲೆ ಒಂದೊಂದೇ ಇಡ್ಲಿ ಎಸೀತು."

ವೀಕ್ಷಾಳ ಸನ್ನೆಯಲ್ಲಿ ತಪ್ಪು ನೂರೆಂಟಿತ್ತು. ಆದರೂ ಕೋತಿ ಕಂಬ ಹತ್ತಿತು, ಇಡ್ಲಿ ಹಾರಿತು, ಆಫೀಸರ್ ಟೋಪಿ ಬಿತ್ತು. ಶ್ರೀಶ ಮೊದಲು ಬಾಯಿ ಬಿಟ್ಟು ನೋಡಿದ. ಆಮೇಲೆ ಇಡೀ ಮನೆ ಕೇಳುವ ಹಾಗೆ ಗಟ್ಟಿಯಾಗಿ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿ ಹರಿಯಿತು.

ಪಂಕ್ತಿಯಲ್ಲಿದ್ದವರೆಲ್ಲ ಊಟ ಬಿಟ್ಟು ಅವನನ್ನೇ ನೋಡಿದರು.

"ಈ ಕತೆ ನಾನು ಮೂವತ್ತು ಸಲ ಹೇಳಿದ್ದೀನಿ" ಎಂದರು ಮಧ್ವರಾಜರು. "ಅವನಿಗೆ ಇವತ್ತೇ..." ವೀಕ್ಷಾ ಅದನ್ನೂ ಬಿಡದೆ ಸನ್ನೆಯಲ್ಲಿ ಹೇಳಿದಳು.

ಊಟವಾದ ಮೇಲೆ ತಾರಸಿಯಲ್ಲಿ ಇಬ್ಬರೇ. ಶ್ರೀಶನ ಕೈ ಹಿಂಜರಿಯಿತು.

"ಅವತ್ತು ಮುಖ ತಿರುಗಿಸಿದೆ. ಇವತ್ತು ಯಾಕೆ ಬಂದೆ?"

"ಅವತ್ತು ನಾನು 'ಹೂಂ' ಅಂದೆ!"

ಅವನಿಗೆ ಅರ್ಥವಾಗಲಿಲ್ಲ. ಅವಳ ಬೆರಳು ಅವಸರದಲ್ಲಿ ಒಂದಕ್ಕೊಂದು ತೊಡರಿತು. "ನಮ್ಮ ಮನೆಗಳಲ್ಲಿ ಹುಡುಗಿ ನಾಚಿ ಕಣ್ಣು ತಗ್ಗಿಸಿದರೆ ಒಪ್ಪಿಗೆ ಅಂತ. ಅಮ್ಮ ಹಾಗೇ ಒಪ್ಪಿದ್ದು. ಅಕ್ಕನೂ ಹಾಗೇ. ರೈಲು ಹೋದ ಮೇಲೆ ನೋಡಿದರೆ ನೀವೇ ಇಲ್ಲ! ಮೇಲಿಂದ 'ತಪ್ಪಾಯಿತು' ಅಂತ ಮೆಸೇಜು!"

ಶ್ರೀಶ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಎರಡು ತಿಂಗಳು! ಬೇಡವಾದೆ ಅಂತ ಊರೇ ಬಿಡಲು ಹೊರಟಿದ್ದ!

"ಭೋಪಾಲ್‌ಗೆ ಹೋಗಲ್ಲ" ಅಂದ.

"ಹೋಗಬೇಕು. ಮಕ್ಕಳು ಕಾಯ್ತಿರ್ತಾರೆ. ನನ್ನ ಕೋರ್ಸು ಮುಗಿದ ಮೇಲೆ ನಾನೂ ಬರ್ತೇನೆ. ಅಲ್ಲಿಯವರೆಗೆ ದಿನಾ ವೀಡಿಯೋ ಕಾಲ್. ಆಬ್ಸೆಂಟ್ ಆದರೆ ನೋಡಿ!"

ಆಮೇಲೆ ಅವಳು ಉಸಿರು ಬಿಗಿಹಿಡಿದಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೂ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ತನ್ನನ್ನು ತೋರಿಸಿಕೊಂಡಳು. ಅವನನ್ನು ತೋರಿಸಿದಳು. ಅಂಗೈಯೊಳಗೆ ಅಂಗೈ ಸೇರಿಸಿ, ಹುಬ್ಬು ಏರಿಸಿ ಕಾದಳು.

ಶ್ರೀಶ ಅವಳನ್ನು ನೋಡಿದ. ನೋಡಿ, ನಿಧಾನವಾಗಿ ಕಣ್ಣು ತಗ್ಗಿಸಿದ. ತಲೆಯನ್ನೂ ಬಗ್ಗಿಸಿದ. ಮುಖ ಪಕ್ಕಕ್ಕೆ ತಿರುಗಿತು.

ಬೇಡ ಅಂದುಬಿಟ್ಟನಾ... ಆಗ ಕಂಡಿತು, ಅವನ ತುಟಿಯಂಚಿನಲ್ಲಿ ತಡೆದರೂ ನಿಲ್ಲದ ನಗು!

"ಸರಿಯಾಗಿ ಹೇಳಿದೆನಾ?" ಓರೆಗಣ್ಣಲ್ಲಿ ನೋಡುತ್ತ ಕೈಯಲ್ಲೇ ಕೇಳಿದ.

ವೀಕ್ಷಾ ಅಳುತ್ತ ನಗುತ್ತ ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇನ್ನೊಂದು ಸಲ ಹೇಳಿ."