ಮೂರು ಚುಕ್ಕೆಯ ಸಿಲಿಂಡರ್

ಎರಡನೇ ನಟ್ಟು ಅರ್ಧ ಬಿಚ್ಚಿದ್ದೆ. ಬೂಟಿನ ಸದ್ದು ಬಂದು ನಿಂತಿತು.

ನನ್ನ ಕಾಲಿನ ಹತ್ತಿರವೇ!

"ಏನಮ್ಮಾ, ಹೊರಗೆ ಬಾ."

ಮುರಿದ ವ್ಯಾನೊಂದರ ಮೂತಿಯೊಳಗೆ ಅಂಗಾತ ತೂರಿಕೊಂಡಿದ್ದೆ. ತಲೆ ಬ್ರೇಕ್ ಪೆಡಲಿನ ಕೆಳಗೆ, ಕಾಲು ಬಾಗಿಲಿನಾಚೆ. ವ್ಯಾನಿನ ಹಿಂಭಾಗ ಇರಲೇ ಇಲ್ಲ. ಯಾವತ್ತೋ ಕತ್ತರಿಸಿ ಮಾರಿಕೊಂಡಿದ್ದರು. ಉಳಿದದ್ದರ ಬಣ್ಣ ಬಿಸಿಲಿಗೆ ಹೋಗಿ ತುಕ್ಕು ಹಿಡಿದಿತ್ತು.

ಹಳೆಯ ಗಾಡಿಗಳಿಗೆ ಪಾರ್ಟ್ ಹುಡುಕಿಕೊಡುವುದು ನನ್ನ ಕಸುಬು. ಮಾಡಿದ ಕಂಪನಿಯೇ ಮರೆತುಬಿಟ್ಟ ಗಾಡಿಗಳವು. ಹೊಸ ಪಾರ್ಟ್ ಸಿಗುವುದಿಲ್ಲ. ಸಿಕ್ಕರೂ ಗಾಡಿಗಿಂತ ಅದಕ್ಕೇ ಬೆಲೆ ಜಾಸ್ತಿ! ಎಲ್ಲ ಕಡೆ ಅಲೆದು ಸುಸ್ತಾದವರು ಕೊನೆಗೆ ನನ್ನ ಶೆಡ್ಡಿಗೆ ಬರುತ್ತಾರೆ. ನಾನು ಗುಜರಿಗೆ ಹೋಗುತ್ತೇನೆ. ಆವತ್ತು ಹೋದದ್ದು ಬ್ರೆಡ್ ಮಾರುವ ಅಜ್ಜನೊಬ್ಬನ ವ್ಯಾನಿಗೆ ಬ್ರೇಕ್ ಸಿಲಿಂಡರ್ ಹುಡುಕಿಕೊಂಡು.

"ಆ ಗಾಡೀದು ಬೇಡ. ಬೇರೇದು ಬಿಚ್ಕೋ. ದುಡ್ಡೂ ಬೇಡ, ಹೋಗು."

ಹಲ್ಲುಕಡ್ಡಿ ದುಡ್ಡು ಬೇಡ ಎಂದನೆ!

ಗುಜರಿಯ ಯಜಮಾನ ಅವನು. ಬಾಯಲ್ಲಿ ಸದಾ ಒಂದು ಹಲ್ಲುಕಡ್ಡಿ, ಅದಕ್ಕೇ ಆ ಹೆಸರು. ಉದುರಿದ ತುಕ್ಕನ್ನೂ ಗುಡಿಸಿ ತೂಕಕ್ಕೆ ಹಾಕುವ ಆಸಾಮಿ.

ಅನುಮಾನ ಬಂತು. ಸಿಲಿಂಡರಿನ ಬೆನ್ನನ್ನು ಬೆರಳಿನಿಂದ ಸವರಿದೆ.

ಚುಕ್ಕೆ... ಚುಕ್ಕೆ... ಚುಕ್ಕೆ.

ಇನ್ನೊಮ್ಮೆ ಎಣಿಸಿದೆ. ಮೂರೇ.

ನಾನು ಕೂರಿಸಿದ ಪ್ರತಿ ಪಾರ್ಟಿನ ಮೇಲೂ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದು ಚುಕ್ಕೆ ಹೊಡೆಯುತ್ತೇನೆ. ಯಾರೋ ಮಾರಿದ ದರಿದ್ರವನ್ನು ತಂದು ನನ್ನ ತಲೆಗೆ ಕಟ್ಟಬಾರದಲ್ಲ! ಮೂರು ಚುಕ್ಕೆ ಹೊಡೆದದ್ದು ಮಾತ್ರ ಒಂದೇ ಸಲ, ಪ್ರೀತಿಗೆ.

ಅಕ್ಕನ ವ್ಯಾನಿಗೆ.

ಎರಡು ವರ್ಷದ ಹಿಂದೆ, ಕಲ್ಲು ಕ್ವಾರಿಯ ತಿರುವಿನಲ್ಲಿ ಆ ವ್ಯಾನು ತಿರುಗಲಿಲ್ಲ. ನೇರ ಹೋಯಿತು. ಒಳಗೆ ಅಕ್ಕ ಒಬ್ಬಳೇ. ರಸ್ತೆಯ ಮೇಲೆ ಟಯರು ಉಜ್ಜಿದ ಗುರುತೂ ಇರಲಿಲ್ಲ. ಪೈಪು ಸರಿಯಿದೆ, ಚಕ್ರದ ಬ್ರೇಕು ಸರಿಯಿದೆ, ಸಿಲಿಂಡರೇ ಕೈಕೊಟ್ಟಿರಬೇಕು ಎಂದು ತಪಾಸಣೆಯವನು ಬರೆದ. ಬಿಚ್ಚಿ ನೋಡುವ ತಾಪತ್ರಯ ಯಾರಿಗೆ ಬೇಕಿತ್ತು? ಆಮೇಲೆ ವ್ಯಾನನ್ನು ಪುಡಿ ಮಾಡಿದ್ದಾಗಿದೆ ಎಂದು ಹಲ್ಲುಕಡ್ಡಿಯ ಸೈನ್ ಇದ್ದ ಒಂದು ಕಾಗದ ಬಂತು. ಅಷ್ಟೆ.

ಅಕ್ಕನಿಗೆ ನಾಲ್ಕು ಕಾಸು ಉಳಿಯಲಿ ಎಂದು ಹಳೆಯ ಸಿಲಿಂಡರಿಗೇ ಹೊಸ ರಬ್ಬರ್ ಹಾಕಿ ಕೊಟ್ಟವಳು ನಾನು. "ಅಗ್ಗದ ಪಾರ್ಟ್ ಹಾಕಿ ನನ್ನ ಮಗಳನ್ನ ಕಳಿಸಿಬಿಟ್ಟೆ" ಎಂದಳು ಅಮ್ಮ. ಅಮ್ಮ ನನ್ನ ಜೊತೆಯೇ ಇದ್ದಾಳೆ. ಆ ಮಾತೂ ಜೊತೆಯೇ ಇದೆ.

ಎಣ್ಣೆಯ ಒತ್ತಡ ಸೋರದಂತೆ ತಡೆಯುವ ಒಳಗಿನ ರಬ್ಬರ್ ಹರಿದಿದ್ದರೆ ತಪ್ಪು ನನ್ನದು. ಹರಿಯದಿದ್ದರೆ ನಾನು ಪಾರಾದೆ! ಎರಡು ವರ್ಷ ನಿದ್ದೆಯಲ್ಲೂ ನಾನು ಬಿಚ್ಚುತ್ತಿದ್ದದ್ದು ಆ ಸಿಲಿಂಡರನ್ನೇ.

"ಕಿವಿ ಕೇಳಿಸಲ್ವಾ? ಬಾ ಅಂದೆ!"

"ಬಂದೆ ಇರಣ್ಣಾ, ಬೆನ್ನು ಹಿಡ್ಕೊಂಡಿದೆ."

ಎರಡು ತಿರುವು. ನಟ್ಟು ಬಿತ್ತು. ಸಿಲಿಂಡರ್ ಬ್ಯಾಗಿಗೆ ಇಳಿಯಿತು. ಆಚೆ ಕಡೆಯ ಬಾಗಿಲು ಒದ್ದೆ... ಓಡಿದೆ!

"ಹಿಡೀರೋ ಅವಳನ್ನ!"

ಗೇಟಿನತ್ತ ಇಬ್ಬರು ನುಗ್ಗಿದರು. ನಾನು ಗೇಟಿಗೆ ಹೋಗಲಿಲ್ಲ. ಒಂದರ ಮೇಲೊಂದು ಪೇರಿಸಿದ ಕಾರುಗಳ ಮೇಲೆ ಹತ್ತಿದೆ. ನಲವತ್ತೆಂಟರ ಮಂಡಿ ಕಿರುಗುಟ್ಟಿತು. ತಗಡು ಜಾರಿತು. ಮೊಣಕೈ ಸೀಳಿತು. ಗೋಡೆಯಾಚೆ ಧುಮುಕಿದೆ.

ಅಲ್ಲಿ ನಿಲ್ಲಿಸಿದ್ದ ನನ್ನ ಸ್ಕೂಟರಿನ ಕಿಕ್ ಒದ್ದೆ. ಕೆಮ್ಮಿತು.

ಇನ್ನೊಮ್ಮೆ. ಕೆಮ್ಮಿತು.

ಹಿಂದಿನಿಂದ ಒಂದು ಕೈ ಸೀಟು ಹಿಡಿಯಿತು. ಇನ್ನೊಂದು ಕೈಯಲ್ಲಿ ಕಬ್ಬಿಣದ ಸಲಾಕೆ!

"ಕದ್ಕೊಂಡು ಹೋಗ್ತೀಯಾ? ಪೊಲೀಸ್ ಕರೀತೀನಿ."

"ಕರಿ. ಆ ವ್ಯಾನನ್ನ ಪುಡಿ ಮಾಡಿದ್ದೀನಿ ಅಂತ ಸೈನ್ ಹಾಕಿ ಕೊಟ್ಟಿದ್ದೀಯಲ್ಲಾ? ಇಲ್ಲದ ಗಾಡಿಯಿಂದ ಏನು ಕದ್ದೆ ಅಂತ ದೂರು ಬರೆಸ್ತೀಯಣ್ಣಾ?"

ಹಲ್ಲುಕಡ್ಡಿ ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಹೋಯಿತು.

"ಅದರಲ್ಲಿ ಅಂಥಾದ್ದೇನಿದೆಯೇ?"

"ನನಗೂ ಗೊತ್ತಿಲ್ಲ."

ಕೈ ಬಿಟ್ಟ. ಮೂರನೇ ಒದೆತಕ್ಕೆ ಸ್ಕೂಟರ್ ಎದ್ದಿತು.

ಶೆಡ್ಡಿನ ಬಾಗಿಲು ಹಾಕಿಕೊಂಡೆ. ಸಿಲಿಂಡರಿಗೆ ಎಣ್ಣೆ ತುಂಬಿ, ಪೈಪಿನ ತೂತಿಗೆ ಬೆರಳೊತ್ತಿ ಪಿಸ್ಟನ್ ತಳ್ಳಿದೆ. ಒತ್ತಡ ಬೆರಳನ್ನು ಎತ್ತಿ ಎಸೆಯಿತು!

ಬಿಚ್ಚಿದೆ. ಒಳಮೈ ಕನ್ನಡಿಯಂತಿತ್ತು. ರಬ್ಬರ್ ಬಟ್ಟಲಿನ ಅಂಚಿನಲ್ಲಿ ಒಂದು ಕೂದಲೆಳೆಯ ಬಿರುಕೂ ಇಲ್ಲ. ನಾನು ಕೂರಿಸಿದಂತೆಯೇ ಇತ್ತು.

ನಾನು ತಪ್ಪು ಮಾಡಿರಲಿಲ್ಲ... ಜೋರಾಗಿ ನಕ್ಕುಬಿಟ್ಟೆ. ಅಮ್ಮನಿಗೆ ಈಗಲೇ ತೋರಿಸಬೇಕು ಎಂದು ಎದ್ದೆ.

ಎದ್ದವಳು ಹಾಗೇ ನಿಂತೆ.

ಸಿಲಿಂಡರ್ ಸರಿ. ಪೈಪು ಸರಿ. ಚಕ್ರ ಸರಿ. ರಸ್ತೆಯ ಮೇಲೆ ಗುರುತಿಲ್ಲ.

ಅಕ್ಕ ಬ್ರೇಕ್ ಒತ್ತಿರಲೇ ಇಲ್ಲ.

ಅದರ ಹಿಂದಿನ ವಾರ ಅವಳು ಇದೇ ಶೆಡ್ಡಿಗೆ ಬಂದಿದ್ದಳು. ಆ ಸ್ಟೂಲಿನ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. "ಮನೆಗೆ ಹೋಗೋಕೆ ಮನಸ್ಸೇ ಆಗ್ತಿಲ್ಲ ಕಣೇ. ಇಲ್ಲೇ ಇದ್ದುಬಿಡ್ಲಾ?" ಎಂದಿದ್ದಳು. ನಾನು ಯಾರದೋ ಗೇರ್‌ಬಾಕ್ಸಿನೊಳಗೆ ಕೈ ಹಾಕಿಕೊಂಡಿದ್ದೆ. ತಲೆ ಎತ್ತದೆ ನಕ್ಕಿದ್ದೆ. "ಇರು, ಸ್ಪ್ಯಾನರ್ ಎತ್ಕೊಡೋಕೆ ಆಗ್ತೀಯ."

ಎತ್ತಿಯೂ ಕೊಟ್ಟಿದ್ದಳು. ಆಮೇಲೆ ಯಾವಾಗ ಎದ್ದು ಹೋದಳೋ, ನೋಡಿರಲಿಲ್ಲ.

ಹೊರಗೆ ಚಪ್ಪಲಿಯ ಸದ್ದು. ಅಮ್ಮ ಶೆಡ್ಡಿಗೆ ಬರುವವಳೇ ಅಲ್ಲ. ನಾನು ರಕ್ತ ಸುರಿಸಿಕೊಂಡು ಬಂದದ್ದನ್ನು ಕಿಟಕಿಯಿಂದ ಕಂಡಿರಬೇಕು.

ಅಮ್ಮನಿಗೆ ಬೈಯಲು ನಾನೊಬ್ಬಳಿದ್ದೇನೆ. ಈ ರಬ್ಬರನ್ನು ತೋರಿಸಿದರೆ ಆಮೇಲೆ ಯಾರನ್ನು ಬೈಯುತ್ತಾಳೆ?

ಮೇಜಿನ ಮೇಲೆ ಬ್ಲೇಡಿತ್ತು.

"ಎಲ್ಲೇ ಬಿದ್ದೆ? ಬಾಗಿಲು ತೆಗಿ!"

ತೆಗೆದೆ.

"ಗುಜರೀಲಿ ಜಾರಿದೆ."

"ಅದೇನು ಕೈಯಲ್ಲಿ?"

"ಅಕ್ಕನ ಗಾಡೀದು."

ಅಮ್ಮ ಕೈ ಚಾಚಿದಳು. ರಬ್ಬರ್ ಬಟ್ಟಲನ್ನು ಅವಳ ಅಂಗೈಗೆ ಹಾಕಿದೆ. ಬೆಳಕಿಗೆ ಹಿಡಿದು ನೋಡಿದಳು.

"ಹರಿದಿದೆ."

"ಹ್ಞೂಂ."

"ಎಷ್ಟು ಸಲ ಒತ್ತಿರಬೇಕೇ ನನ್ನ ಕೂಸು..."

"ಒತ್ತಿರ್ತಾಳಮ್ಮ. ಕೊನೇ ತನಕ ಒತ್ತಿರ್ತಾಳೆ."

ಅಮ್ಮ ನನ್ನ ಮುಖ ನೋಡಲಿಲ್ಲ. ರಬ್ಬರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಟಳು. "ಮೊಣಕೈಗೆ ಏನಾದ್ರೂ ಹಚ್ಕೋ" ಎಂದದ್ದು ಅಂಗಳದಿಂದ ಕೇಳಿಸಿತು.

ಇಪ್ಪತ್ತು ವರ್ಷದಿಂದ ಕೆಟ್ಟ ಪಾರ್ಟ್‌ಗಳನ್ನು ಒಳ್ಳೆಯದು ಮಾಡುತ್ತಾ ಬಂದಿದ್ದೇನೆ. ಒಳ್ಳೆಯದೊಂದನ್ನು ಕೆಡಿಸಿದ್ದು ಇದೇ ಮೊದಲು.

ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು.