ಗುಡುಗನ ಔಷಧಿ, ಮಾವನ ಚಮಚ

"ಮಾವ, ಸಿಕ್ತು! ಗುಡುಗನ ಔಷಧಿ ಸಿಕ್ತು!"

ಬುಗುರಿ ಕುದುರೆ ಲಾಯದಿಂದ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. ಒಂದು ಕಡೆ ನಿಲ್ಲದ ಈ ಹುಡುಗಿಗೆ ಆ ಹೆಸರಿಟ್ಟವನೇ ಮಾವ. ಅವನು ರೇಸಿನ ಸವಾರ. ನಾಳೆ ಅವನೂ ಅವನ ಕಪ್ಪು ಕುದುರೆ ಗುಡುಗನೂ ದೊಡ್ಡ ರೇಸಿಗೆ ಇಳಿಯಬೇಕು. "ನಮ್ಮ ಮಾವನೇ ಫಸ್ಟ್!" ಎಂದು ಬುಗುರಿ ಆಗಲೇ ಇಡೀ ಕ್ಲಾಸಿಗೆ ಡಂಗುರ ಸಾರಿಬಿಟ್ಟಿದ್ದಳು.

ಆದರೆ ಮಾವ ಬೆಳಗಿನಿಂದ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದ.

"ಹೊಟ್ಟೇಲಿ ಹುಳ ಇರ್ಬೇಕು ಮಾವ. ಗುಡುಗನೂ ಹೀಗೇ ಮಂಕಾಗಿದ್ದ. ಇದನ್ನ ಕೊಟ್ಮೇಲೆ ಹೇಗೆ ಕುಣಿದಾಡ್ದ, ನೋಡಿದ್ಯಲ್ಲ!"

ಮಾವನಿಗೂ ಡಾಕ್ಟರ ಹತ್ತಿರ ಹೋಗುವ ಮನಸ್ಸಿರಲಿಲ್ಲ. ರೇಸ್ ಬೇಡ ಎಂದುಬಿಟ್ಟರೆ? ಅವನು ಔಷಧಿಯನ್ನು ಅವಳ ಕೈಯಿಂದ ಇಸಿದುಕೊಂಡ. ಸೂಜಿಯಿಲ್ಲದ ದಪ್ಪ ಸಿರಿಂಜ್, ಒಳಗೆ ಸೇಬಿನ ವಾಸನೆಯ ಪೇಸ್ಟ್. ಒತ್ತುವ ಹಿಡಿಯ ಮೇಲೆ ಕುದುರೆಯ ತೂಕಕ್ಕೆ ತಕ್ಕಂತೆ ಗೆರೆಗಳಿದ್ದವು.

"ನಾನೇನು ಗುಡುಗನಷ್ಟು ದಪ್ಪ ಇಲ್ಲ. ಒಂಚೂರು ಸಾಕು," ಎಂದು ಒಂದು ಚಮಚಕ್ಕೆ ಒತ್ತಿದ. ಹಿಡಿ ಸರ್ರನೆ ಜಾರಿತು. ಚಮಚದ ತುಂಬ ಪೇಸ್ಟ್!

"ಜಾಸ್ತಿ ಆಯ್ತಲ್ಲ ಮಾವ?"

"ಆಗ್ಲಿ ಬಿಡೇ, ಬೇಗ ವಾಸಿಯಾಗುತ್ತೆ. ಹೋಗು, ನೀರು ತಾ."

ಬುಗುರಿ ಅಂಗಳದ ನಲ್ಲಿಗೆ ಜಿಗಿದಳು. ಅಲ್ಲಿ ಕುದುರೆ ಡಾಕ್ಟರಮ್ಮ ಗುಡುಗನ ಕಾಲು ಪರೀಕ್ಷೆ ಮಾಡುತ್ತಿದ್ದರು.

"ಡಾಕ್ಟರಮ್ಮ, ನೀವು ಗುಡುಗನಿಗೆ ಕೊಟ್ಟ ಪೇಸ್ಟನ್ನೇ ಮಾವನೂ ತಗೋತಿದ್ದಾನೆ! ನಾಳೆ ಇಬ್ರೂ ರೆಡಿ!"

ಡಾಕ್ಟರಮ್ಮನ ಮುಖ ಬಿಳುಚಿಕೊಂಡಿತು. "ಏನಂದೆ? ಓಡು! ತಡಿ ಅವನನ್ನ!"

ಬುಗುರಿ ಗಿರಕ್ಕನೆ ತಿರುಗಿದಳು. ಲೋಟ ಅಲ್ಲೇ ಬಿತ್ತು. ಅವಳು ಬಾಗಿಲು ದಾಟಿದಾಗ ಮಾವ ಬಾಯಿ ತೆರೆದಿದ್ದ. ಹಾರಿ ಹೋಗಿ ಅವನ ಕೈಗೆ ಫಟಾರನೆ ಹೊಡೆದಳು. ಚಮಚ ಗೋಡೆಗೆ ಬಡಿದು ಠಣ್ ಎಂದಿತು.

ಹಿಂದೆಯೇ ಏದುಸಿರು ಬಿಡುತ್ತ ಡಾಕ್ಟರಮ್ಮ ಬಂದರು. "ನುಂಗಿಬಿಟ್ಯಾ?"

"ಇಲ್ಲ ಡಾಕ್ಟರಮ್ಮ, ನಾಲಿಗೆಗೂ ತಾಗ್ಲಿಲ್ಲ."

"ಸದ್ಯ, ಬದುಕಿದೆ! ಇಷ್ಟು ಹೊಟ್ಟೆಗೆ ಹೋಗಿದ್ರೆ ಮೈಯೆಲ್ಲ ನಡುಗಿ ಪ್ರಜ್ಞೆ ತಪ್ತಿತ್ತೋ ಏನೋ. ಜೀವಕ್ಕೇ ಅಪಾಯ!"

"ಒಂಚೂರೇ ತಗೊಂಡಿದ್ರೆ?" ಬುಗುರಿ ಬಿದ್ದ ಚಮಚವನ್ನೇ ನೋಡುತ್ತ ಕೇಳಿದಳು.

"ಅದೂ ಬೇಡ ಪುಟ್ಟಿ. ಇದನ್ನ ಮಾಡಿರೋದು ಕುದುರೆಗೆ. ಇದರಲ್ಲಿ ಇನ್ನೂ ಏನೇನು ಸೇರಿಸಿರ್ತಾರೋ, ಮನುಷ್ಯರಿಗೆ ಆಗುತ್ತೋ ಇಲ್ವೋ ಯಾರೂ ನೋಡಿರಲ್ಲ. ನನಗೆ ಹುಷಾರಿಲ್ದಿದ್ರೆ ನಾನೂ ಮನುಷ್ಯರ ಡಾಕ್ಟರ ಹತ್ರಾನೇ ಹೋಗೋದು! ಅದಿರ್ಲಿ, ಹುಳ ಅಂತ ಹೇಳಿದ್ದು ಯಾರು?"

ಬುಗುರಿ ತಲೆ ತಗ್ಗಿಸಿದಳು. "ನಾನೇ."

ಮಾವನನ್ನು ಹತ್ತಿಸಿಕೊಂಡು ಡಾಕ್ಟರಮ್ಮನ ಜೀಪು ಹಾರ್ನ್ ಹೊಡೆಯುತ್ತ ಆಸ್ಪತ್ರೆಗೆ ಓಡಿತು. ಹುಳವೂ ಇಲ್ಲ, ಗಿಳವೂ ಇಲ್ಲ. ಅಪೆಂಡಿಕ್ಸ್ ಊದಿಕೊಂಡಿತ್ತು. ಆ ದಿನವೇ ಆಪರೇಷನ್ ಆಯಿತು.

ಮರುದಿನ ಸಂಜೆ ಮಾವ ದಿಂಬಿಗೆ ಒರಗಿ ಮೆಲ್ಲಗೆ ನಕ್ಕ. "ರೇಸಲ್ಲಿ ಯಾರು ಗೆದ್ರೇ?"

ಬುಗುರಿ ಕಣ್ಣರಳಿಸಿದಳು. ಇವತ್ತು ರೇಸ್ ಇತ್ತು ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

"ಗೊತ್ತಿಲ್ಲ ಮಾವ," ಎಂದು ಅವನ ಕೈ ಹಿಡಿದುಕೊಂಡಳು. "ತುಂಬ ನೋಯ್ತಿದೆಯಾ?"

ನಿನ್ನೆ ಬೆಳಗಿನಿಂದ ಅವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ.